ಮಾಳಿಗಿ ಮ್ಯಾಲಿನ 10 ಕಿಲೋವಾಟ್ ಸೋಲಾರಿನಿಂದ ಮೊಲೆಂ ಕಾಡು ಉಳೀತದೇನು?

ಅಳ್ನಾವರದಾಕಿ:
ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋಕ್ಕ ಬಂದು ಹತ್ತೊಂಬತ್ತು ವರ್ಷ ಆತು, ತವರು ಅಳ್ನಾವರ. ನಮ್ಮ ಸೊಸೈಟಿಯೊಳಗ 16 ಮನಿ ಅವ, ಈ ವರ್ಷ ಸೆಕ್ರೆಟರಿ ನಾನು. ಲಿಫ್ಟು, ನೀರಿನ ಪಂಪು, ಮೆಟ್ಟಿಲದ ಲೈಟು, ಇವುಗಳ ಸಲುವಾಗಿ ಮಾಳಿಗಿ ಮ್ಯಾಲೆ 10 ಕಿಲೋವಾಟ್ ಸೋಲಾರ್ ಹಾಕಿಸೋಣು ಅಂತ ಕೊಟೇಶನ್ ತರಿಸೀನಿ. ಐದೂವರಿ ಲಕ್ಷ. ಕೇಂದ್ರ ಸರಕಾರದ ಮಾಳಿಗಿ ಸೋಲಾರ್ ಯೋಜನಾ ಪಿಎಂ ಸೂರ್ಯಘರ್‌ದಾಗ ಸೊಸೈಟಿಗೆ ಕಿಲೋವಾಟಿಗೆ 18,000 ಸಬ್ಸಿಡಿ, ಅಂದ್ರ 1,80,000 ವಾಪಸ್ ಬರಬೇಕು.

ಮೀಟಿಂಗಿನ್ಯಾಗ ಎರಡು ಮಾತು ಬಂದವು. ಮ್ಯಾಲಿನ ಮನಿ ಅಜ್ಜಿ, "ನನ್ನ ಶಂಡಗಿ, ಮೆಣಸಿನಕಾಯಿ ಎಲ್ಲಿ ಒಣಗಿಸಲಿ?" ಅಂದ್ರು. ಇನ್ನೊಬ್ಬರು, "ಧಾರವಾಡದ ನರೇಂದ್ರದಿಂದ ಹೆಂಗೂ ಗೋವಾಕ್ಕ 400 ಕೆವಿ ದೊಡ್ಡ ಕರೆಂಟ್ ಲೈನು ಬರೂದದ, ಸುಮ್ಮ ರೊಕ್ಕ ಯಾಕ ಹಾಕ್ತೀರಿ?" ಅಂದ್ರು.

ಆ ಮಾತು ಕೇಳಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ಆ ಲೈನಿನ ಸಲುವಾಗಿ ಗೋವಾದ ಸಂಗೋಡ ಊರಾಗ ಗಿಡ ಕಡದಾರ, ಗಡಿ ಘಟ್ಟದ ಮೊಲೆಂ ಕಾಡು ಸೀಳೂ ಮಾತು ಎಷ್ಟು ವರ್ಷದಿಂದ ನಡದದ. ಸಣ್ಣಾಕಿ ಇದ್ದಾಗಿಂದ ಕ್ಯಾಸಲ್‌ರಾಕ್ ಇಳಿಯೂ ರೈಲಿನ ಕಿಟಕಿಗೆ ಮಾರಿ ಹಚ್ಚಿ ನೋಡಿದ ಕಾಡದು. ಸುರಂಗ ದಾಟಿದ ಕೂಡಲೇ ಹಸಿ ಎಲಿ ವಾಸನಿ ಬೋಗಿಯೊಳಗ ನುಗ್ಗತದ, ಮಾತಾಡೋರೆಲ್ಲಾ ಸುಮ್ಮಾಗ್ತಾರ.

ನಮ್ಮಂಥಾ ಸಾವಿರಾರು ಮಾಳಿಗಿ ಸೋಲಾರ್ ಹಾಕಿಸಿದ್ರ ಆ ಲೈನೇ ಬ್ಯಾಡ ಅನ್ನೂಹಂಗ ಆಗ್ತದೇನು? ಸಮಾಧಾನದ ಮಾತು ಬ್ಯಾಡ, ಖರೆ ಹೇಳ್ರಿ.

ನಿವೃತ್ತ ಎಂಜಿನಿಯರ್, ಪುಣೆ:
ಅಕ್ಕಾರ, ಮೂವತ್ತು ವರ್ಷ ಸಬ್‌ಸ್ಟೇಷನ್ನುಗಳಲ್ಲೇ ಕಳೆದವನು ನಾನು. ಖರೆ ಕೇಳಿದಿರಿ, ಹೇಳುತ್ತೇನೆ: ಬರೀ ಮಾಳಿಗೆಯಿಂದ ಆಗುವುದಿಲ್ಲ. 1 ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಒಳ್ಳೆಯ ಬಿಸಿಲಿಗೆ ನಿಮ್ಮದು 40 ಯೂನಿಟ್. ಜುಲೈನಲ್ಲಿ ಅದರ ಅರ್ಧವೂ ಬರದ ದಿನಗಳಿರುತ್ತವೆ. ರಾತ್ರಿ ಎಂಟಕ್ಕೆ ಮನೆಮನೆಯ ಎಸಿ ಶುರುವಾಗುವಾಗಂತೂ ಸೊನ್ನೆ.

ಗೋವಾದೊಳಗೆ ದೊಡ್ಡ ವಿದ್ಯುತ್ ಸ್ಥಾವರವಿಲ್ಲ. ಕೊರ್ಬಾ, ವಿಂಧ್ಯಾಚಲ, ರಾಮಗುಂಡಂನಂಥ ಕಲ್ಲಿದ್ದಲು ಸ್ಥಾವರಗಳಿಂದ ತಂತಿಯ ಮೇಲೆ ಬಂದದ್ದೇ ನಿಮ್ಮ ಕರೆಂಟಿನ ಬಹುಪಾಲು. ನಾಳೆ ಕಲ್ಲಿದ್ದಲು ಬಿಟ್ಟು ಪಾವಗಡದಂಥ 2,050 ಮೆಗಾವಾಟಿನ ಸೋಲಾರ್ ಪಾರ್ಕಿನಿಂದ ತರುತ್ತೇವೆಂದರೂ ತಂತಿ ಬೇಕೇ ಬೇಕು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬೈ ಲೋಕಲ್‌ಗಳು ನಿಂತಲ್ಲೇ ನಿಂತದ್ದು ನೆನಪಿದೆಯೇ? ಹೊರಗಿನಿಂದ ಬರುವ ಲೈನುಗಳು ಒಂದರ ಹಿಂದೊಂದು ಟ್ರಿಪ್ ಆಗಿದ್ದವು. ಲೈನು ಕಡಿಮೆ ಇದ್ದ ಊರಿನ ಸಂಕಟ ಅದು.

ಆದರೂ ಹಾಕಿಸಿ. ಪಂಪನ್ನು ಬೆಳಗಿನ ಆರರ ಬದಲು ಮಧ್ಯಾಹ್ನ ಹನ್ನೆರಡಕ್ಕೆ ಓಡಿಸಿ. ಆ ಒಂದು ಬದಲಾವಣೆಯಿಂದ ಬಹಳಷ್ಟು ಬಿಸಿಲು ನೇರವಾಗಿ ನಿಮಗೇ ಸಿಗುತ್ತದೆ. ಇನ್ನೊಂದು, ಬ್ಯಾಟರಿ ಇಲ್ಲದ ಸೋಲಾರ್ ಊರ ಕರೆಂಟು ಹೋದರೆ ತಾನೂ ನಿಲ್ಲುತ್ತದೆ, ಲೈನಿನಲ್ಲಿ ಕೆಲಸ ಮಾಡುವವರ ಜೀವಕ್ಕಾಗಿ. ಕರೆಂಟು ಹೋದಾಗಲೂ ಲಿಫ್ಟು ನಡೆಯುತ್ತದೆಂದು ಯಾರಿಗೂ ಮಾತು ಕೊಡಬೇಡಿ.

ಕುಂದಾಪ್ರ ಟು ಡೊಂಬಿವಲಿ:
ನಮ್ಮ ಸೊಸೈಟಿಯಲ್ಲಿ ಹಾಕಿಸಿ ನಾಲ್ಕು ವರ್ಷ ಆಯ್ತು. ಕೊಟೇಶನ್ನಿನಲ್ಲಿ ಪ್ಯಾನೆಲ್ ಕಂಪನಿ ಹೆಸರು ನೋಡಿದೆವು, ಸ್ಟ್ಯಾಂಡ್ ನೋಡಲಿಲ್ಲ. ಎರಡನೇ ಮಳೆಗೇ ಬೋಲ್ಟು ತುಕ್ಕು. ನೀವು ಸಮುದ್ರದ ಬಗಲಲ್ಲೇ ಇದ್ದೀರಿ, ಚೆನ್ನಾಗಿ ಗ್ಯಾಲ್ವನೈಸ್ ಮಾಡಿದ ಕಂಬಿ ಮತ್ತು ಸ್ಟೇನ್‌ಲೆಸ್ ಬೋಲ್ಟು ಅಂತ ಬರೆಸಿಕೊಳ್ಳಿ. ಸ್ಲ್ಯಾಬ್ ಕೊರೆಯುವ ಮೊದಲು ವಾಟರ್‌ಪ್ರೂಫಿಂಗ್ ಯಾರ ಜವಾಬ್ದಾರಿ ಅಂತಲೂ ಬರೆಸಿ.

ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ ಅಕ್ಕ. ನಮ್ಮಲ್ಲೂ ಹಪ್ಪಳದ ಪ್ರಶ್ನೆ ಬಂದಿತ್ತು. 10 ಕಿಲೋವಾಟಿಗೆ ಸುಮಾರು ಸಾವಿರ ಚದರಡಿ ಬೇಕು. ಎತ್ತರದ ಸ್ಟ್ಯಾಂಡ್ ಹಾಕಿದರೆ ಕೆಳಗೆ ಓಡಾಡಬಹುದು, ಆದರೆ ಹಪ್ಪಳಕ್ಕೆ ಬೇಕಾದ ಬಿಸಿಲು ಅಲ್ಲಿರುವುದಿಲ್ಲ. ದಕ್ಷಿಣದ ಅಂಚಿನಲ್ಲಿ ಒಂದು ಪಟ್ಟಿ ಖಾಲಿ ಬಿಡಿ.

ದಾಂಡೇಲಿ ಹುಡುಗ, ಫೋಂಡಾ:
ಎಂಜಿನಿಯರ್ ಸರ್ ಹೇಳಿದ್ದು ಸರಿ, ತಂತಿ ಬೇಕು. ಆದರೆ ಯಾವ ದಾರಿಯಲ್ಲಿ? 400 ಕೆವಿ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕಾಗುತ್ತದೆ. ಕೊಂಬೆಯಿಂದ ಕೊಂಬೆಗೆ ಹೋಗುವ ಕೆಂದಳಿಲಿಗೆ, ಕಾಡುಪಾಪಕ್ಕೆ ಅಷ್ಟು ಬಯಲು ಅಂದರೆ ಹೊಳೆ ಇದ್ದ ಹಾಗೆ. 2021ರಲ್ಲಿ, ಕಾಡಿನ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಸಲಹೆ ಕೊಡುವ ಕೇಂದ್ರ ಉನ್ನತಾಧಿಕಾರ ಸಮಿತಿ ಹೇಳಿದ್ದೂ ಇದನ್ನೇ: ಹೊಸದಾಗಿ ಕಾಡು ಸೀಳಬೇಡಿ, ಕರ್ನಾಟಕದ ಅಂಬೇವಾಡಿಯಿಂದ ಗೋವಾದ ಫೋಂಡಾಕ್ಕೆ ಈಗಾಗಲೇ ಇರುವ ಲೈನಿನ ದಾರಿಯಲ್ಲೇ ತನ್ನಿ. ಅದೇ ಕಾಡಿನ ರೈಲು ಡಬ್ಲಿಂಗ್‌ಗೆ (ಎರಡನೇ ಹಳಿಗೆ) ಸಿಕ್ಕಿದ್ದ ಒಪ್ಪಿಗೆಯನ್ನು 2022ರ ಮೇನಲ್ಲಿ ಕೋರ್ಟೇ ರದ್ದು ಮಾಡಿತು.

ಸಂಜೆಯ ಕರೆಂಟಿಗೆ ಅಂತ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಇದೆ, ಅಂದರೆ ಕರೆಂಟು ಹೆಚ್ಚಿದ್ದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಅಲ್ಲಿರುವುದು ಸಿಂಗಳೀಕದ ಕಾಡು. ಕಲ್ಲಿದ್ದಲು ಬಿಡಬೇಕು ಅನ್ನುವವನೇ ನಾನು. ಆದರೆ ಅದರ ಪೂರ್ತಿ ಲೆಕ್ಕವನ್ನು ಪ್ರತಿಸಲ ಘಟ್ಟವೇ ತೀರಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಳ್ನಾವರದಾಕಿ:
ಎಲ್ಲಾರಿಗೂ ಉಪಕಾರ ಆತು. "ಲೈನು ಬ್ಯಾಡ" ಅನ್ನೂದಕ್ಕೂ "ಈ ದಾರಿ ಬ್ಯಾಡ" ಅನ್ನೂದಕ್ಕೂ ಎಷ್ಟು ಫರಕ್ ಅದ ಅಂತ ಈಗ ತಿಳೀತು. ಮೀಟಿಂಗಿನ್ಯಾಗ ಹಂಗೇ ಹೇಳ್ತೀನಿ. ಪಂಪಿನ ವ್ಯಾಳ್ಯಾ ನಾಳಿಯಿಂದನ ಬದಲು, ಅದಕ್ಕ ಸೋಲಾರ್ ಬರೂತನಕ ಕಾಯೂದೇನದ, ರೂಢಿ ಆಗ್ತದ. ಅಜ್ಜಿ ಜೋಡಿ ಮಾಳಿಗಿಗೆ ಹೋಗಿ ಟೇಪ್ ಹಿಡದು ಬಂದೆ. ನೀರಿನ ಟಾಕಿ ದಕ್ಷಿಣಕ್ಕ 8 ಫೂಟ್ ಜಾಗಾ ಅವರದು ಅಂತ ಸುಣ್ಣದ ಗೆರಿ ಎಳದೀವಿ. ಹಂಗಾದ್ರ 9 ಕಿಲೋವಾಟಷ್ಟ ಕೂಡತದ. ಡೊಂಬಿವಲಿಯವರ, ಬೋಲ್ಟಿನ ವಿಷಯ ಕೊಟೇಶನ್ನಿನ್ಯಾಗ ಹೆಂಗ ಬರೆಸಬೇಕು, ಒಂದೆರಡು ಸಾಲು ಇಲ್ಲೇ ಹಾಕ್ತೀರೇನು?