ಪದಚರ್ಚೆ: ಗ್ರಾಫಿಕ್ಸ್ ಕಾರ್ಡಿಗೆ ‘ಬೆಂಬಲ ನಿಂತಿತು’ ಅಂದರೆ ನಿಂತಿದ್ದು ಏನು?

ಅನುವಾದ ಬಳಗದ ಗೆಳೆಯರೇ, ನಮಸ್ಕಾರ.

ಒಂದು ಪದ ನಮ್ಮ ಮನೆಯಲ್ಲಿ ಮೂರು ಜನರನ್ನು ಮೂರು ದಿಕ್ಕಿಗೆ ಓಡಿಸಿತು. ಅದಕ್ಕೇ ಈ ಓಲೆ.

ಹಾಸನದಲ್ಲಿರುವ ಅಕ್ಕನ ಮಗನ ಕಂಪ್ಯೂಟರಿನಲ್ಲಿ ಎನ್ವಿಡಿಯಾ ಅನ್ನೋ ಚಿಪ್ ಕಂಪನಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಯ ಮೇಲೆ ಗೇಮಿನ ಚಿತ್ರ ಮೂಡಿಸುವ ಬಿಡಿಭಾಗ, ಇದೆ. 2016ರ ಮಾಲು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು. ಮೊನ್ನೆ ಫೋನು ಮಾಡಿ, ‘ಮಾಮ, ನನ್ನ ಕಾರ್ಡಿಗೆ ಸಪೋರ್ಟ್ ನಿಂತೋಯ್ತಂತೆ’ ಅಂದ. ಪಕ್ಕದಲ್ಲೇ ಇದ್ದ ಅಕ್ಕ, ‘ಹಂಗಾದ್ರೆ ಇನ್ಮೇಲೆ ಕಂಪ್ಯೂಟರ್ ಆನ್ ಆಗಲ್ವಾ?’ ಅಂತ ಗಾಬರಿಯಾದಳು. ಇವನು ಕಾರ್ಡು ಕೊಂಡ ಅಂಗಡಿಗೂ ಕೇಳಿದ್ದನಂತೆ. ಅವರು, ‘ವಾರಂಟಿ ಮುಗಿದು ವರ್ಷಗಳೇ ಆದ್ವು, ಈಗ್ಯಾಕೆ ಕೇಳ್ತಿದ್ದೀಯಪ್ಪ’ ಅಂದರಂತೆ. ಹುಡುಗನ ಚಿಂತೆಯೇ ಬೇರೆ. ಹೊಸ ಗೇಮ್ ಬಂದರೆ ಓಡುತ್ತೋ ಇಲ್ವೋ ಅಂತ.

ಪದ ಒಂದೇ. ಅಕ್ಕನಿಗೆ ಅದು ಕಾರ್ಡಿನ ಜೀವ, ಅಂಗಡಿಯವರಿಗೆ ವಾರಂಟಿ, ಹುಡುಗನಿಗೆ ಗೇಮು.

ನಿಜಕ್ಕೂ ಆಗಿದ್ದು ಈ ಮೂರೂ ಅಲ್ಲ. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಅನ್ನೋ ಮೂರು ಪೀಳಿಗೆಯ ಚಿಪ್‌ಗಳಿಗೆ ಎನ್ವಿಡಿಯಾ ಹೊಸ ಗೇಮ್‌ಗಳಿಗಾಗಿ ಡ್ರೈವರ್ (ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತು ಕೆಲಸ ಮಾಡಿಸುವ ಸಾಫ್ಟ್‌ವೇರ್) ತಿದ್ದಿ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. 1060 ಪ್ಯಾಸ್ಕಲ್ ಪೀಳಿಗೆಯದು. ಆಮೇಲೂ ಮೂರು ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿ ಬರುತ್ತಿರುತ್ತದೆ, 2028ರ ಅಕ್ಟೋಬರ್ ತನಕ. ಕಾರ್ಡು ಮೊದಲಿನ ಹಾಗೇ ಓಡುತ್ತದೆ. ಈಗಿರೋ ಗೇಮೂ ಓಡುತ್ತದೆ. ಇನ್ನು ಮುಂದೆ ಬರುವ ಗೇಮಿನಲ್ಲಿ ಏನಾದರೂ ಎಡವಟ್ಟಾದರೆ ಎನ್ವಿಡಿಯಾ ತಲೆ ಕೆಡಿಸಿಕೊಳ್ಳುವುದಿಲ್ಲ, ಅಷ್ಟೆ.

ಇದನ್ನು ಅವನಿಗೂ ಅವನ ಡಿಪ್ಲೊಮಾ ಗೆಳೆಯರಿಗೂ ಕನ್ನಡದಲ್ಲಿ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡೆ. ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂವರ ಡ್ರೈವರ್ ಹೇಗೆ, ಸಪೋರ್ಟ್ ಹೇಗೆ ಅಂತ ಹೋಲಿಸಿ ಎರಡು ಪುಟ. ಮೊದಲ ತಲೆಬರಹ ‘ಬೆಂಬಲ’ ಅಂತ ಬರೆದೆ. ಅಲ್ಲೇ ಸಿಕ್ಕಿಹಾಕಿಕೊಂಡೆ.

ಬೆಂಬಲ ಒಳ್ಳೆಯ ಪದ, ನನಗೇನೂ ತಕರಾರಿಲ್ಲ. ಬೆನ್ನು ಮತ್ತು ಬಲ ಸೇರಿದ್ದು. ಬೆನ್ನಿಗೆ ನಿಂತವರ ಬಲ. ಆದರೆ ಪತ್ರಿಕೆ ಓದುವ ಕನ್ನಡಿಗರ ಕಿವಿಗೆ ಅದು ಎರಡು ಕಡೆಯಿಂದ ಬೀಳುತ್ತದೆ. ಒಂದು, ರಾಗಿಗೂ ಕೊಬ್ಬರಿಗೂ ಕೊಡುವ ಬೆಂಬಲ ಬೆಲೆ. ಇನ್ನೊಂದು ರಾಜಕೀಯ. ‘ಬೆಂಬಲ ಹಿಂತೆಗೆತ’ ಅಂತ ದಪ್ಪ ಅಕ್ಷರದಲ್ಲಿ ಬಂದರೆ ಮಾರನೆಯ ದಿನ ಸರ್ಕಾರ ಬೀಳಬೇಕು! ಅಕ್ಕ ಗಾಬರಿಯಾಗಿದ್ದು ಸುಮ್ನೆ ಅಲ್ಲ. ನಮ್ಮ ಕನ್ನಡದಲ್ಲಿ ಬೆಂಬಲ ಹೋದರೆ ಬೆಂಬಲ ಪಡೆದವರು ಬಿದ್ದೇ ಬೀಳುತ್ತಾರೆ. ಕಾರ್ಡು ಬೀಳುವುದಿಲ್ಲ.

ಸಪೋರ್ಟ್ ಅನ್ನುವ ಒಂದೇ ಚೀಲದಲ್ಲಿ ಏನೇನಿದೆ ಅಂತ ಬಿಚ್ಚಿ ನೋಡಿದೆ.

‘ಈ ಗೇಮ್ ನನ್ನ ಕಾರ್ಡಿಗೆ ಸಪೋರ್ಟ್ ಆಗಲ್ಲ’ ಅನ್ನುವಾಗ ಬೆನ್ನೂ ಇಲ್ಲ, ಬಲವೂ ಇಲ್ಲ. ಎರಡು ವಸ್ತುಗಳ ನಡುವಿನ ಮಾತು ಅದು. ಪುಸ್ತಕದಲ್ಲಿ ‘ಹೊಂದಾಣಿಕೆ’ ಅಂತ ಬರೆಯುತ್ತಾರೆ. ನನಗೆ ‘ಒಗ್ಗು’ ಅನ್ನೋದು ಇನ್ನೂ ಸರಿ ಅನ್ನಿಸುತ್ತದೆ. ಊರು ಬದಲಾದರೆ ನೀರು ಒಗ್ಗಲಿಲ್ಲ ಅಂತೀವಲ್ಲ, ಹಾಗೆ. ‘ಈ ಗೇಮಿಗೆ ಈ ಕಾರ್ಡು ಒಗ್ಗಲ್ಲ.’ ಅಕ್ಕನಿಗೂ ತಟ್ಟನೆ ಅರ್ಥವಾಯಿತು.

ವಾರಂಟಿ, ರಿಪೇರಿ, ದೂರು ಕೇಳೋದು ಇನ್ನೊಂದು ಸಪೋರ್ಟ್. ಇಲ್ಲಿ ‘ಕಂಪನಿ’ ಅನ್ನೋ ಪದವೇ ಕೈಕೊಡುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್‌ಪಿ ರೋಡಿನಲ್ಲಿ ನಿಂತು ‘ಯಾವ ಕಂಪನಿ ಕಾರ್ಡು?’ ಅಂತ ಕೇಳಿದರೆ ಏಸಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್ ಅಂತ ಉತ್ತರ ಬರುತ್ತದೆ. ಅದೇ ಪ್ರಶ್ನೆ ನಮ್ಮ ಹುಡುಗನಿಗೆ ಕೇಳಿದರೆ ‘ಎನ್ವಿಡಿಯಾ’ ಅಂತಾನೆ. ಇಬ್ಬರದೂ ಸರಿ. ನೂಲು ಒಬ್ಬರದು, ನೇಯ್ಗೆ ಇನ್ನೊಬ್ಬರದು. ಚಿಪ್ಪು ಮಾಡಿಸುವವರು ಎನ್ವಿಡಿಯಾ, ಎಎಂಡಿ ಅಥವಾ ಇಂಟೆಲ್. ಅದನ್ನು ಬೋರ್ಡಿಗೆ ಕೂರಿಸಿ, ಫ್ಯಾನು ಹಾಕಿ, ಡಬ್ಬಿಗೆ ತುಂಬುವವರು ಬೇರೆ. ಡ್ರೈವರ್ ಬರುವುದು ಚಿಪ್ಪಿನವರಿಂದ. ವಾರಂಟಿ ಕೊಡುವುದು ಡಬ್ಬಿಯವರು. ಇವಿಜಿಎ ಅನ್ನುವ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ಬಿಟ್ಟಿತು. ಅವರ ಡಬ್ಬಿಯ ಕಾರ್ಡುಗಳಿಗೆ ಡ್ರೈವರ್ ಬರುವುದೇನೂ ನಿಲ್ಲಲಿಲ್ಲ. ಅದು ಎನ್ವಿಡಿಯಾದ ಬಾಬತ್ತು.

ನಾನು ಒಮ್ಮೆ ಈ ಎರಡರ ನಡುವೆ ಸಿಕ್ಕಿ ಒದ್ದಾಡಿದ್ದೇನೆ. ಕಾರ್ಡಿನ ಫ್ಯಾನು ಕರಕರ ಅನ್ನುತ್ತಿತ್ತು. ಸರ್ವಿಸ್ ಸೆಂಟರಿನ ಕೌಂಟರಿನವರು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡದೆ, ‘ಡ್ರೈವರ್ ಪ್ರಾಬ್ಲಂ ಸರ್, ಚಿಪ್ ಕಂಪನಿಗೆ ಮೇಲ್ ಹಾಕಿ’ ಅಂದರು. ಕರಕರ ಸದ್ದಿಗೆ ಮೇಲ್! ಚೀಟಿಯ ಮೇಲೆ ‘ಗ್ರಾಹಕ ಬೆಂಬಲ ಕೇಂದ್ರ’ ಅಂತ ಬೇರೆ ಅಚ್ಚಾಗಿತ್ತು. ‘ಸಪೋರ್ಟ್ ಚೆನ್ನಾಗಿದೆಯಾ?’ ಅಂತ ಯಾರಾದರೂ ಕೇಳಿದರೆ, ಅಂದಿನಿಂದ ನಾನು ‘ಯಾರದು?’ ಅಂತ ತಿರುಗಿ ಕೇಳುತ್ತೇನೆ.

ಮೂರನೆಯದು ಡ್ರೈವರ್‌ಗೆ ತಿದ್ದುಪಡಿ ಬರುತ್ತಾ ಇರುವುದು. ಮೂರು ಚಿಪ್ ಕಂಪನಿಗಳ ಹೋಲಿಕೆ ನಿಂತಿರುವುದು ಇದರ ಮೇಲೆ. ಕನ್ನಡ ತಡವರಿಸುವುದೂ ಇಲ್ಲೇ. ಯಾಕಂದರೆ ಇದರೊಳಗೆ ಮತ್ತೆ ಮೆಟ್ಟಿಲುಗಳಿವೆ.

ಭದ್ರತೆಯ ತಿದ್ದುಪಡಿ ಮಾತ್ರ ಬರುವ ಹಂತಕ್ಕೆ ಏನನ್ನಬೇಕು? ಎನ್ವಿಡಿಯಾದ ಹಿಂದಿನ ಕೆಪ್ಲರ್ ಪೀಳಿಗೆಗೂ ಹೀಗೇ ಆಗಿತ್ತು. 2021ರಲ್ಲಿ ಗೇಮಿನ ತಿದ್ದುಪಡಿ ನಿಂತು, 2024ರ ಸೆಪ್ಟೆಂಬರ್ ತನಕ ಭದ್ರತೆಯದು ಮಾತ್ರ ಬಂತು. ಇದಕ್ಕೆ ನನಗೆ ಹೊಳೆದದ್ದು ‘ಬೆಂಗಾವಲು’. ಬೆನ್ನು ಮತ್ತು ಕಾವಲು. ಬೆಂಬಲದ ಒಡಹುಟ್ಟಿದ ಪದವೇ. ಬೆಂಬಲ ಮುಗಿಯಿತು, ಬೆಂಗಾವಲು ಇದೆ. ಕಳ್ಳ ಬರದ ಹಾಗೆ ನೋಡಿಕೊಳ್ಳುತ್ತಾರೆ, ಹೊಲ ಉಳುವುದಿಲ್ಲ. ಮಂತ್ರಿಗಳ ಬೆಂಗಾವಲು ವಾಹನದ ನೆನಪು ಜಾಸ್ತಿ ಬರುತ್ತದೋ ಏನೋ, ನೀವು ಹೇಳಿ.

ಎಎಂಡಿಯದು ಇನ್ನೂ ಮಜಾ. 2025ರ ಅಕ್ಟೋಬರ್ ಕೊನೆಗೆ ಅವರು ಆರ್‌ಎಕ್ಸ್ 5000 ಮತ್ತು 6000 ಸಾಲಿನ ಕಾರ್ಡುಗಳನ್ನು ‘ಮೇಂಟೆನೆನ್ಸ್ ಮೋಡ್’ಗೆ ಹಾಕಿದ್ದೇವೆ ಅಂದರು. 6000 ಸಾಲು ಶುರುವಾಗಿದ್ದೇ 2020ರಲ್ಲಿ. ಕೊಂಡವರು ಸಿಡಿದೆದ್ದರು. ಆಮೇಲೆ ಕಂಪನಿ, ಇಲ್ಲ, ಡ್ರೈವರ್‌ನ ಕವಲು ಬೇರೆ ಮಾಡಿದ್ದೇವೆ ಅಷ್ಟೆ, ಹೊಸ ಗೇಮ್‌ಗಳಿಗೆ ಬೇಕಾದ್ದು ಬರುತ್ತದೆ ಅಂತ ಸಮಜಾಯಿಷಿ ಕೊಟ್ಟಿತು. ಇಡೀ ಜಗಳ ಒಂದು ಪದದ ಅರ್ಥದ ಮೇಲೆ ನಡೆದದ್ದು, ನೋಡಿ. ಪದಚರ್ಚೆ ನಮ್ಮದೊಂದೇ ಚಟ ಅಲ್ಲ.

ಈಗ ಇದನ್ನು ಕನ್ನಡಕ್ಕೆ ತನ್ನಿ. ‘ನಿರ್ವಹಣೆ’ ಅಂತ ಹಾಕಿದರೆ ಅರ್ಥ ತಲೆಕೆಳಗಾಗುತ್ತದೆ. ಕೆರೆಯ ನಿರ್ವಹಣೆ ಮಾಡುತ್ತಿದ್ದಾರೆ ಅಂದರೆ ನಮಗೆ ಖುಷಿಯ ಸುದ್ದಿ. ಮೊದಲು ಯಾರೂ ನೋಡುತ್ತಿರಲಿಲ್ಲ, ಈಗ ನೋಡುತ್ತಿದ್ದಾರೆ ಅಂತ. ಇಲ್ಲಿ ಅದಕ್ಕೆ ಉಲ್ಟಾ. ಅಥವಾ ‘ನಿರ್ವಹಣಾ ಕಾಮಗಾರಿ, ನಾಳೆ ವಿದ್ಯುತ್ ವ್ಯತ್ಯಯ’ ನೆನಪಾಗುತ್ತದೆ. ಅದೂ ಅಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು ತೆಗೆದು ಬೇರೆ ಹಾಕೋದು, ಜಾರಿದ್ದನ್ನು ಸರಿ ಕೂರಿಸೋದು. ಹೊಸ ಕೋಣೆ ಕಟ್ಟುವುದಿಲ್ಲ, ಸೋರುವುದಕ್ಕೂ ಬಿಡುವುದಿಲ್ಲ. ಅದೇ ತಾನೇ ಇದು? ಆದರೆ ‘ಹೆಂಚು ಕೈಯಾಡಿಸುವ ಹಂತ’ ಅಂತ ಬರೆದರೆ ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಹುಡುಗರು ನಗುತ್ತಾರೆ. ಸದ್ಯಕ್ಕೆ ‘ರಿಪೇರಿ ಮಾತ್ರ’ ಅಂತ ಬರೆದಿದ್ದೇನೆ.

ಅದರ ನಂತರದ ಮೆಟ್ಟಿಲು ‘ಲೆಗಸಿ’. ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಎನ್ವಿಡಿಯಾದ ಹಳೇ ಕಾರ್ಡುಗಳಿಗೆ 340, 390, 470 ಅಂತ ಲೆಗಸಿ ಡ್ರೈವರ್‌ಗಳಿವೆ. ಒಂದು ಕಡೆ ಇದನ್ನು ‘ಪರಂಪರೆಯ ಚಾಲಕ’ ಅಂತ ಕನ್ನಡಿಸಿದ್ದನ್ನು ನೋಡಿದೆ. ದಸರಾ ಮೆರವಣಿಗೆಗೆ ಹೊರಟ ಹಾಗಿದೆ! ‘ಹಳೇ ಕಾರ್ಡಿನ ಡ್ರೈವರ್’ ಅಂದರೆ ಸಾಲದೇ?

ಹಳೇದು ಅಂದಾಗ ನೆನಪಾಯಿತು. ಎಎಂಡಿ ಅಭಿಮಾನಿಗಳು ‘ಫೈನ್ ವೈನ್’ ಅಂತ ಒಂದು ಮಾತು ಆಡುತ್ತಾರೆ. ಕಾರ್ಡು ಹಳತಾದಷ್ಟೂ ಡ್ರೈವರ್ ಪಳಗಿ ವೇಗ ಹೆಚ್ಚುತ್ತದೆ ಅಂತ. ಹೊಗಳಿಕೆಯೋ, ಮೊದಲ ದಿನವೇ ಡ್ರೈವರ್ ಸರಿಯಾಗಿ ಕೊಡಲಿಲ್ಲ ಅನ್ನೋದರ ಮುಚ್ಚುಮರೆಯೋ, ನನಗಂತೂ ಎರಡೂ ಅನ್ನಿಸುತ್ತದೆ. ಇದಕ್ಕೆ ಕನ್ನಡದಲ್ಲಿ ‘ಹಳೇ ಅಕ್ಕಿ’ ಅಂದರೆ ಮುಗಿಯಿತು. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೇದು ಉದುರುದುರು. ಇದು ಎಲ್ಲರಿಗಿಂತ ಒಪ್ಪುವುದು ಇಂಟೆಲ್‌ಗೆ. ಅವರ ಆರ್ಕ್ ಎ750, ಎ770 ಕಾರ್ಡು 2022ರ ಅಕ್ಟೋಬರ್‌ನಲ್ಲಿ ಬಂದಾಗ ಡೈರೆಕ್ಟ್ಎಕ್ಸ್ 9 (ಗೇಮು ಕಾರ್ಡಿನ ಜೊತೆ ಮಾತಾಡಲು ಬಳಸುವ ಮೈಕ್ರೋಸಾಫ್ಟಿನ ಭಾಷೆ ಅನ್ನಿ) ಕಾಲದ ಹಳೇ ಗೇಮ್‌ಗಳು ಕುಂಟುತ್ತಿದ್ದವು. ಮುಂದಿನ ಕೆಲವೇ ತಿಂಗಳಲ್ಲಿ ಡ್ರೈವರ್ ಬದಲಾಗಿ ಅದೇ ಕಾರ್ಡು, ಅದೇ ಗೇಮು, ವೇಗ ಮಾತ್ರ ಎಷ್ಟೋ ಮೇಲೇರಿತು. ಕಬ್ಬಿಣ ಬದಲಾಗಲಿಲ್ಲ, ಬುದ್ಧಿ ಬದಲಾಯಿತು.

ಆ ಕುಂಟುವಿಕೆಯ ಕಾರಣವೇ ನನ್ನನ್ನು ಎರಡನೇ ಪ್ರಶ್ನೆಗೆ ತಂದಿತು: ಡ್ರೈವರ್‌ಗೆ ‘ಚಾಲಕ’ ಸರಿಯೇ? ಇಂಟೆಲ್ ಡ್ರೈವರ್ ಶುರುವಿನಲ್ಲಿ ಡೈರೆಕ್ಟ್ಎಕ್ಸ್ 9ರ ಮಾತನ್ನು ನೇರವಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ. ಮೊದಲು ಡೈರೆಕ್ಟ್ಎಕ್ಸ್ 12ರ ಮಾತಿಗೆ ಅನುವಾದ, ಆಮೇಲೆ ಚಿಪ್ಪಿನ ಮಾತಿಗೆ. ಅನುವಾದದ ಅನುವಾದ ಎಷ್ಟು ನಿಧಾನ ಅಂತ ಈ ಬಳಗಕ್ಕೆ ಬಿಡಿಸಿ ಹೇಳಬೇಕಿಲ್ಲ. ಅಂದರೆ ಡ್ರೈವರ್ ಮಾಡುವ ಕೆಲಸ ಗಾಡಿ ಓಡಿಸೋದಲ್ಲ, ದುಭಾಷಿಯ ಕೆಲಸ. ಹಾಗಾದರೆ ‘ದುಭಾಷಿ’ ಅನ್ನೋಣವೇ ಅಂದುಕೊಂಡೆ. ಅಷ್ಟರಲ್ಲಿ 2010ರ ಮಾರ್ಚ್ ನೆನಪಾಯಿತು. ಎನ್ವಿಡಿಯಾದ 196.75 ಅನ್ನೋ ಡ್ರೈವರ್ ಹಾಕಿದವರ ಕಾರ್ಡಿನ ಫ್ಯಾನು ಸರಿಯಾಗಿ ತಿರುಗದೆ ಕಾರ್ಡು ಬಿಸಿಯಾಗಿ, ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತ್ತು. ಫ್ಯಾನು ತಿರುಗಿಸೋದು ದುಭಾಷಿಯ ಕೆಲಸ ಅಲ್ಲವಲ್ಲ. ಮಾತೂ ಗೊತ್ತಿರಬೇಕು, ಹಿಡಿತವೂ ಇರಬೇಕು ಅಂದರೆ ‘ಮಾವುತ’. ಆಗ ಎನ್ವಿಡಿಯಾ ಆ್ಯಪ್, ಎಎಂಡಿಯ ಅಡ್ರಿನಲಿನ್ ಥರದ, ಡ್ರೈವರ್ ಜೊತೆಗೆ ಬರುವ ಮೇಲಿನ ಸಾಫ್ಟ್‌ವೇರ್‌ಗಳು ‘ಕಾವಾಡಿ’ಗಳು! ಇದು ತಮಾಷೆಗೆ. ನಿಘಂಟಿಗೆ ಹಾಕಬೇಡಿ.

‘ಚಾಲಕ’ದ ನಿಜವಾದ ತೊಂದರೆ ಅರ್ಥದ್ದಲ್ಲ, ಲಿಂಗದ್ದು. ‘ಹಳೆಯ ಚಾಲಕನನ್ನು ತೆಗೆದುಹಾಕಿ, ಹೊಸ ಚಾಲಕನನ್ನು ಸ್ಥಾಪಿಸಿ’ ಅಂತ ಒಂದು ಸೂಚನೆ ಓದಿದೆ. ಪಾಪ, ಡಿಪೋದಲ್ಲಿ ಯಾರನ್ನೋ ಮನೆಗೆ ಕಳಿಸಿದ ಹಾಗಿತ್ತು. ‘ಚಾಲಕವನ್ನು’, ‘ಚಾಲಕಗಳು’ ಅಂತ ನಪುಂಸಕ ಮಾಡಿಕೊಂಡರೆ ನಡೆಯುತ್ತದೆ. ‘ವಾಹಕ’, ‘ಅರೆವಾಹಕ’ಗಳನ್ನು ಹಾಗೇ ಬಳಸುತ್ತಿದ್ದೇವಲ್ಲ, ಅಲ್ಲಿ ಯಾರಿಗೂ ನಿರ್ವಾಹಕ ನೆನಪಾಗುವುದಿಲ್ಲ. ಆದರೂ ನನ್ನ ಎರಡು ಪುಟದಲ್ಲಿ ‘ಡ್ರೈವರ್’ ಅಂತಲೇ ಇದೆ. ‘ಡ್ರೈವರ್ ಹಾಕು’ ಅನ್ನೋದು ಈಗ ಕನ್ನಡವೇ.

ಇನ್ನೊಂದು ಉಳಿಯಿತು. ಲಿನಕ್ಸ್‌ನಲ್ಲಿ ಎಎಂಡಿಯ ಡ್ರೈವರ್ ಕರ್ನೆಲ್‌ನ, ಅಂದರೆ ಆ ಸಿಸ್ಟಂನ ತಿರುಳಿನ, ಒಳಗೇ ಇದೆ, ಮುಕ್ತವಾಗಿದೆ, ಯಾರು ಬೇಕಾದರೂ ಓದಿ ತಿದ್ದಬಹುದು. 2012ರ ಆಸುಪಾಸಿನ ಕಾರ್ಡುಗಳಿಗೂ ಎಎಂಡಿಗೆ ಸೇರದವರು ಇವತ್ತಿಗೂ ತಿದ್ದುಪಡಿ ಬರೆದು ಹಾಕುತ್ತಿದ್ದಾರೆ. ಎನ್ವಿಡಿಯಾ ತನ್ನ ಕರ್ನೆಲ್ ಭಾಗವನ್ನು ಮುಕ್ತ ಮಾಡಿದ್ದು 2022ರ ಮೇ ತಿಂಗಳಲ್ಲಿ, ಅದೂ ಪ್ಯಾಸ್ಕಲ್‌ಗಿಂತ ಹೊಸದಾದ ಟ್ಯೂರಿಂಗ್ ಪೀಳಿಗೆಯಿಂದ ಈಚಿನ ಕಾರ್ಡುಗಳಿಗೆ ಮಾತ್ರ. ನಮ್ಮ ಹುಡುಗನ 1060 ಅದರಲ್ಲಿ ಬರುವುದಿಲ್ಲ. ಕಂಪನಿ ಕೈಬಿಟ್ಟ ಮೇಲೂ ಊರಿನವರು ಸಾಕಿಕೊಳ್ಳುವ ಈ ಥರದ ಸಪೋರ್ಟಿಗೆ ಏನಂತೀರಿ? ‘ಆಸರೆ’ ಅಂದರೆ ಅನಾಥಾಶ್ರಮದ ವಾಸನೆ. ‘ಒತ್ತಾಸೆ’ ಚೆನ್ನಾಗಿದೆ, ಆದರೆ ನಮ್ಮ ಕಡೆ ಮಾತಿನಲ್ಲಿ ಕೇಳಿಯೇ ಇಲ್ಲ. ಧಾರವಾಡದ ಕಡೆಯವರು, ಮಂಗಳೂರಿನವರು ದಿನದ ಮಾತಿನಲ್ಲಿ ಬಳಸುತ್ತೀರಾ? ‘ಒಗ್ಗು’, ‘ಬೆಂಗಾವಲು’, ‘ರಿಪೇರಿ ಮಾತ್ರ’ ಇವು ನಿಮ್ಮ ಕಿವಿಗೆ ಹೇಗಿವೆ ಅಂತಲೂ ತಿಳಿಸಿ.

ಭಾನುವಾರದೊಳಗೆ ಬರೆದರೆ ಅನುಕೂಲ. ಹುಡುಗ ಸೋಮವಾರ ಹೊಸ ಕಾರ್ಡು ನೋಡೋಕೆ ಬೆಂಗಳೂರಿಗೆ ಬರುತ್ತಿದ್ದಾನೆ. ಅಕ್ಕನೂ ಜೊತೆಗೆ ಬರುತ್ತಾಳಂತೆ, ‘ಸಪೋರ್ಟ್ ನಿಲ್ಲದೇ ಇರೋ ಕಾರ್ಡೇ ಕೊಡಿ’ ಅಂತ ಅಂಗಡಿಯವರಿಗೆ ಹೇಳೋದಕ್ಕೆ.