ಪಿಎಚ್‌ಡಿ ಮುಗಿಸಿ ಪ್ರೊಫೆಸರ್ ಆಗೋದಾ, ಕಂಪನಿ ಸೇರೋದಾ?

ನಾಲ್ಕನೇ ವರ್ಷ:
ಮೆಕ್ಯಾನಿಕಲ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರೊಫೆಸರ್ ಆಗಬೇಕು ಅಂತಲೇ ಸೇರಿದ್ದು. ಈಗ ನೋಡಿದರೆ ಲ್ಯಾಬಿನ 6 ಜನರಲ್ಲಿ ಒಬ್ಬರಿಗೂ ಆ ಆಸೆ ಉಳಿದಿಲ್ಲ. ಯಾಕೆ ಅಂದರೆ "ಸಾಕಾಗಿದೆ ಮಾರಾಯ" ಅನ್ನುತ್ತಾರೆ, ಅಷ್ಟೇ. ಬರೀ ಸಂಬಳದ ವಿಷಯವಾ ಇದು?

ಬಿಟ್ಟು ಬಂದವಳು:
ಸಂಬಳವೂ ಹೌದು, ಆದರೆ ನನಗೆ ಮೊದಲ ಕಾರಣ ಅದಲ್ಲ. ನಮ್ಮ ಗೈಡ್ ರಾತ್ರಿ 11ಕ್ಕೆ ಲ್ಯಾಬಿಗೆ ಬಂದು, ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲ್‌ಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಪಕ್ಕಕ್ಕೆ ಸರಿಸಿ, ಅದೇ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗ್ರಾಂಟ್ ಪ್ರಪೋಸಲ್‌ನ, ಅಂದರೆ ರಿಸರ್ಚ್‌ಗೆ ದುಡ್ಡು ಕೇಳುವ ಅರ್ಜಿಯ, ಬಜೆಟ್ ತಿದ್ದುತ್ತಿದ್ದರು. ಆ ಆಸಿಲೋಸ್ಕೋಪ್ ಆನ್ ಮಾಡಿ ಅವರಿಗೆ ಎಷ್ಟು ವರ್ಷವಾಗಿತ್ತೋ. ನನಗೆ ಇಷ್ಟ ಇದ್ದದ್ದು ಆಸಿಲೋಸ್ಕೋಪ್. ಕಂಪನಿಯಲ್ಲಿ ಈಗಲೂ ದಿನಾ ಅದರ ಮುಂದೆ ಕೂರುತ್ತೇನೆ.

ಲೆಕ್ಕದ ಮನುಷ್ಯ:
ಸುಮ್ನೆ ಲೆಕ್ಕ ಹಾಕಿ. ಒಬ್ಬ ಪ್ರೊಫೆಸರ್ 30 ವರ್ಷದಲ್ಲಿ 15 ಜನರಿಗೆ ಪಿಎಚ್‌ಡಿ ಮಾಡಿಸಿದರು ಅಂದುಕೊಳ್ಳಿ. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಉಳಿದ 14 ಜನ ಎಲ್ಲಿಗೆ ಹೋಗಬೇಕು? ಎಂಜಿನಿಯರಿಂಗ್‌ನವರ ಪುಣ್ಯ, ಹೊರಗೆ ಕೆಲಸ ಇದೆ. ಅದಕ್ಕೇ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ರಿಸರ್ಚ್ ಕೆಲಸ) ಅಂತ ವರ್ಷಗಟ್ಟಲೆ ಕಾಯುವ ತಾಳ್ಮೆ ನಮಗೆ ಕಮ್ಮಿ. ಇನ್ನು ರಿಸರ್ಚ್ ಅಂದರೆ ಯೂನಿವರ್ಸಿಟಿ ಅನ್ನೋದೂ ಪೂರ್ತಿ ನಿಜವಲ್ಲ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಒಂದು ಟೆಲಿಫೋನ್ ಕಂಪನಿಯ ಲ್ಯಾಬ್ ಅದು.

ಮೇಷ್ಟ್ರು:
ಅದೇ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್, ಇನ್ಫರ್ಮೇಶನ್ ಥಿಯರಿ ಹುಟ್ಟುಹಾಕಿದವರು, 1956ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಗೆ ಪ್ರೊಫೆಸರ್ ಆಗಿ ಹೋದರಲ್ವಾ, ಅದನ್ನೂ ಹೇಳಿ! ನಾನು ಉಳಿದುಕೊಂಡವನು. ಗ್ರಾಂಟ್, ರಿವ್ಯೂ, ಕಮಿಟಿ, ಎಲ್ಲಾ ತಲೆನೋವು ನಿಜ, ಮೊದಲ ಐದಾರು ವರ್ಷ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಅಂತ ನಿದ್ದೆ ಬರುತ್ತಿರಲಿಲ್ಲ. ಆದರೆ ಯಾರಿಗೂ ಬೇಡವಾದ ಒಂದು ಸಮಸ್ಯೆಯನ್ನು 8 ವರ್ಷದಿಂದ ಹಿಡಿದುಕೊಂಡು ಕೂತಿದ್ದೇನೆ, ಯಾವ ಮ್ಯಾನೇಜರೂ ಬಂದು ನಿಲ್ಲಿಸು ಅಂದಿಲ್ಲ. ಆಮೇಲೆ ಈ ಕೆಲಸದಲ್ಲಿ ಬರೆಯುವುದೇ ಜಾಸ್ತಿ. ನಿಮ್ಮ ಗೈಡ್‌ನ ಮುಂದಿನ ಪ್ರಪೋಸಲ್‌ನಲ್ಲಿ ನಾಲ್ಕು ಪುಟ ನೀವೇ ಬರೆದು ನೋಡಿ. ಬರೆಯುವಾಗ ಬೇಜಾರಾದರೆ ಈಗಲೇ ಗೊತ್ತಾಗುತ್ತದೆ.

ನಾಲ್ಕನೇ ವರ್ಷ:
ಪ್ರಪೋಸಲ್ ಡೆಡ್‌ಲೈನ್ ಮುಂದಿನ ಶುಕ್ರವಾರವೇ ಇದೆ. ನಾಳೆ ಕೇಳುತ್ತೇನೆ ಮೇಷ್ಟ್ರೇ.