ಹಳೇ ಏಜ್ ಆಫ್ ಎಂಪೈರ್ಸ್ 2: ತುಮಕೂರು–ತಿಪಟೂರು ಮಲ್ಟಿಪ್ಲೇಯರ್ ಕನೆಕ್ಟ್ ಆಗ್ತಿಲ್ಲ

ಬಟವಾಡಿ ಬಿಲ್ಲುಗಾರ:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಬಟವಾಡಿಯಲ್ಲಿದ್ದೇನೆ, ತಮ್ಮ ತಿಪಟೂರಿನಲ್ಲಿ. ಚಿಕ್ಕವರಿದ್ದಾಗ ಮನೆಯಲ್ಲೇ ಎರಡು ಕಂಪ್ಯೂಟರ್ ನಡುವೆ ಕೇಬಲ್ ಎಳೆದು ಆಡುತ್ತಿದ್ದ ಕಾಂಕರರ್ಸ್ (ಈ ಗೇಮಿನ ಹೆಚ್ಚುವರಿ ಭಾಗ) ಸಿಡಿ ಇನ್ನೂ ಇದೆ. ಈಗ ಇಬ್ಬರದೂ ವಿಂಡೋಸ್ 10. ಒಬ್ಬರೇ ಆಡಿದರೆ ಏನೂ ತೊಂದರೆಯಿಲ್ಲ. ನಾನು ಹೋಸ್ಟ್ ಮಾಡಿ ಐಪಿ ಕೊಟ್ಟರೆ ಅವನಿಗೆ ಗೇಮ್ ಕಾಣುವುದೇ ಇಲ್ಲ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗಿರುವ ಡೈರೆಕ್ಟ್‌ಪ್ಲೇ (ಹಳೇ ಗೇಮ್‌ಗಳು ನೆಟ್‌ವರ್ಕ್‌ನಲ್ಲಿ ಆಡಲು ಬಳಸುವ ಭಾಗ) ಇಬ್ಬರೂ ಟಿಕ್ ಮಾಡಿದ್ದೇವೆ. ರೌಟರ್‌ನಲ್ಲಿ 47624 ಮತ್ತು 2300ರಿಂದ 2400ರವರೆಗಿನ ಪೋರ್ಟ್ ಓಪನ್ ಮಾಡಿದ್ದೇನೆ. ಹೊಸ ಡೆಫಿನಿಟಿವ್ ಎಡಿಷನ್ ತಗೊಳ್ಳಿ ಅನ್ನಬೇಡಿ, ತಮ್ಮನ ಲ್ಯಾಪ್‌ಟಾಪ್‌ಗೆ ಅದು ಭಾರ.

ಕೋಲಾರ ಕೋಟೆ:
ರೌಟರ್ ಪೇಜಿನಲ್ಲಿ ವ್ಯಾನ್ ಐಪಿ (ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) ಏನಿದೆ, ನೋಡಿ ಹೇಳಿ.

ಬಟವಾಡಿ ಬಿಲ್ಲುಗಾರ:
100.81 ಅಂತ ಶುರುವಾಗುತ್ತೆ ಸಾರ್.

ಕೋಲಾರ ಕೋಟೆ:
ಹಾಗಾದರೆ ಪೋರ್ಟ್ ಓಪನ್ ಮಾಡಿ ಪ್ರಯೋಜನವಿಲ್ಲ. 100.64ರಿಂದ 100.127ರವರೆಗಿನ ನಂಬರ್ ಬಂದರೆ ನಿಮ್ಮ ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಹಂಚಿದೆ ಅಂತ ಅರ್ಥ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದಂತೆ: ಹೊರಗಿನಿಂದ ಬಂದವರಿಗೆ ನಿಮ್ಮ ಮನೆ ಯಾವುದು ಅಂತ ಗೊತ್ತಾಗಲ್ಲ.

ಇನ್ನೊಂದು ವಿಷಯ. ಡೈರೆಕ್ಟ್‌ಪ್ಲೇನಲ್ಲಿ ಸೇರುವವರು ಹೋಸ್ಟ್‌ಗೆ ಕರೆ ಕಳಿಸಿದರೆ ಸಾಲದು, ಹೋಸ್ಟ್ ಕೂಡ ತಿರುಗಿ ಅವರ ಕಂಪ್ಯೂಟರಿಗೆ ಕನೆಕ್ಷನ್ ಹಾಕುತ್ತೆ. ಅಂದರೆ ತಮ್ಮನ ಕಡೆಯೂ ದಾರಿ ತೆರೆದಿರಬೇಕು. ಮೈಕ್ರೋಸಾಫ್ಟ್‌ನ ಝೋನ್‌ನಲ್ಲಿ (ಅವರ ಆನ್‌ಲೈನ್ ಗೇಮ್ ತಾಣ) ಈ ಗೇಮ್ ಆಡುವುದೂ 2006ರಲ್ಲೇ ನಿಂತುಹೋಯಿತು. ಹಾಗಾಗಿ ಇಬ್ಬರೂ ರ್‍ಯಾಡ್ಮಿನ್ ವಿಪಿಎನ್ (ದೂರದ ಕಂಪ್ಯೂಟರ್‌ಗಳನ್ನು ಒಂದೇ ಮನೆಯ ನೆಟ್‌ವರ್ಕ್‌ನಲ್ಲಿರುವಂತೆ ಜೋಡಿಸುವ ಪ್ರೋಗ್ರಾಂ) ಹಾಕಿಕೊಂಡು ಒಂದೇ ನೆಟ್‌ವರ್ಕ್‌ಗೆ ಸೇರಿ. 26ರಿಂದ ಶುರುವಾಗುವ ಐಪಿ ಸಿಗುತ್ತೆ, ಗೇಮಿನಲ್ಲಿ ಅದನ್ನೇ ಕೊಡಿ.

ಬಟವಾಡಿ ಬಿಲ್ಲುಗಾರ:
ಹಾಕಿದೆವು. ಪಿಂಗ್ (ಎದುರಿನ ಕಂಪ್ಯೂಟರ್ ಉತ್ತರ ಕೊಡುತ್ತಾ ಅನ್ನೋ ಪರೀಕ್ಷೆ) ಚೆನ್ನಾಗಿ ಹೋಗುತ್ತೆ. ಈಗ ತಮ್ಮನಿಗೆ ಗೇಮ್ ಹೆಸರು ಕಾಣುತ್ತೆ, ಆದರೆ ಜಾಯಿನ್ ಒತ್ತಿದರೆ ಸ್ವಲ್ಪ ಹೊತ್ತು ಕಾದು ಫೇಲ್ ಆಗುತ್ತೆ.

ಶಿರಾ ಸಿಪಾಯಿ:
ಹೆಸರು ಕಂಡು ಜಾಯಿನ್ ಆಗದಿದ್ದರೆ ನಾನು ಮೊದಲು ನೋಡುವುದು ಮೆಟ್ರಿಕ್, ಅಂದರೆ ಯಾವ ನೆಟ್‌ವರ್ಕ್ ಅಡಾಪ್ಟರ್‌ಗೆ ಮೊದಲ ಆದ್ಯತೆ ಅಂತ ವಿಂಡೋಸ್ ಇಟ್ಟುಕೊಳ್ಳುವ ನಂಬರ್. ನಿಮ್ಮ ಕಂಪ್ಯೂಟರಿನಲ್ಲಿ ಈಗ ಎರಡು ಅಡಾಪ್ಟರ್ ಇವೆ, ವೈಫೈ ಮತ್ತು ರ್‍ಯಾಡ್ಮಿನ್. ಈ ಗೇಮ್ 1999ರ ಕಾಲದ್ದು, ಎರಡರಲ್ಲಿ ಯಾವುದು ಬೇಕು ಅಂತ ನಿಮ್ಮನ್ನು ಕೇಳುವುದೇ ಇಲ್ಲ. ವಿಂಡೋಸ್ ಯಾವುದಕ್ಕೆ ಆದ್ಯತೆ ಕೊಟ್ಟಿದೆಯೋ ಅದರ ವಿಳಾಸವನ್ನೇ ಎದುರಿಗಿರುವವರಿಗೆ ಹೇಳಿಬಿಡುತ್ತೆ. ಸಾಮಾನ್ಯವಾಗಿ ಅದು ವೈಫೈಯ 192.168 ಐಪಿ. ತಿಪಟೂರಿನಲ್ಲಿ ಕೂತು ಆ ವಿಳಾಸಕ್ಕೆ ಹೊರಟರೆ ಅಲ್ಲಿನ ರೌಟರ್ ದಾಟಲ್ಲ.

ನೆಟ್‌ವರ್ಕ್ ಕನೆಕ್ಷನ್ಸ್ ತೆಗೆಯಿರಿ. ರ್‍ಯಾಡ್ಮಿನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಐಪಿವಿ4, ಮತ್ತೆ ಪ್ರಾಪರ್ಟೀಸ್, ಅಡ್ವಾನ್ಸ್‌ಡ್. ಕೆಳಗೆ ಆಟೋಮ್ಯಾಟಿಕ್ ಮೆಟ್ರಿಕ್ ಅಂತ ಇರುತ್ತೆ, ಟಿಕ್ ತೆಗೆದು 1 ಅಂತ ಹಾಕಿ. ನಂಬರ್ ಕಡಿಮೆ ಇದ್ದಷ್ಟೂ ಆದ್ಯತೆ ಜಾಸ್ತಿ. ಇದನ್ನು ಇಬ್ಬರೂ ಮಾಡಬೇಕು. ವರ್ಚುವಲ್‌ಬಾಕ್ಸ್, ಹಮಾಚಿ ಅಂತ ಹಳೇ ಅಡಾಪ್ಟರ್ ಉಳಿದಿದ್ದರೆ ಡಿಸೇಬಲ್ ಮಾಡಿ. ಗೇಮ್ ಪೂರ್ತಿ ಮುಚ್ಚಿ ತೆರೆಯಿರಿ.

ಫೈರ್‌ವಾಲ್‌ನಲ್ಲಿ ಗೇಮಿಗೆ ಮಾತ್ರ ಅನುಮತಿ ಕೊಟ್ಟರೆ ಸಾಲದು. 47624ರಲ್ಲಿ ಕಿವಿಗೊಟ್ಟು ಕೂತಿರುವುದು ಡೈರೆಕ್ಟ್‌ಪ್ಲೇ ಹೆಲ್ಪರ್ ಅನ್ನೋ ಬೇರೆ ಪ್ರೋಗ್ರಾಂ, ಅದಕ್ಕೂ ಕೊಡಿ. ಫೈರ್‌ವಾಲನ್ನೇ ಆಫ್ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ, ದಯವಿಟ್ಟು ಕೇಳಬೇಡಿ.

ಬಟವಾಡಿ ಬಿಲ್ಲುಗಾರ:
ಅಣ್ಣಾ, ಆಯ್ತು! ಮೆಟ್ರಿಕ್ ಬದಲಿಸಿದ ತಕ್ಷಣ ಜಾಯಿನ್ ಆದ. ಆದರೆ ಅರ್ಧ ಗಂಟೆ ಆಡಿದ ಮೇಲೆ ಔಟ್ ಆಫ್ ಸಿಂಕ್ (ಇಬ್ಬರ ಆಟ ತಾಳೆಯಾಗುತ್ತಿಲ್ಲ) ಅಂತ ಬಂದು ಗೇಮ್ ನಿಂತುಹೋಯಿತು.

ಶಿರಾ ಸಿಪಾಯಿ:
ಇಬ್ಬರದೂ 1.0ಸಿ ಪ್ಯಾಚ್ (ಗೇಮಿನ ತಿದ್ದುಪಡಿ ಫೈಲ್) ತಾನೆ? ಈ ಗೇಮ್ ಸೈನಿಕರ ಜಾಗವನ್ನು ನೆಟ್‌ನಲ್ಲಿ ಕಳಿಸಲ್ಲ. ನೀವು ಕೊಟ್ಟ ಆಜ್ಞೆಯನ್ನಷ್ಟೇ ಕಳಿಸುತ್ತೆ, ಲೆಕ್ಕವನ್ನು ಎರಡೂ ಕಂಪ್ಯೂಟರ್ ತಾವೇ ಮಾಡಿಕೊಳ್ಳುತ್ತವೆ. ಒಬ್ಬರ ಫೈಲ್ ಬೇರೆಯಾಗಿದ್ದರೂ ಲೆಕ್ಕ ತಪ್ಪುತ್ತೆ. ಮಾಡ್ ಏನಾದರೂ ಹಾಕಿದ್ದರೆ ತೆಗೆದು, ಇಬ್ಬರೂ ಒಂದೇ ಸಿಡಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಒಂದೇ ಪ್ಯಾಚ್ ಹಾಕಿ ನೋಡಿ.

ಬಟವಾಡಿ ಬಿಲ್ಲುಗಾರ:
ತಮ್ಮನದು ಪ್ಯಾಚ್ ಇಲ್ಲದ ಮೂಲ ಕಾಂಕರರ್ಸ್. ಈಗಲೇ ಪ್ಯಾಚ್ ಕಳಿಸುತ್ತಿದ್ದೇನೆ.